ಅನ್ನದ ಪುಣ್ಯ, ಕತ್ತರಿಯ ಖರ್ಚು

2025ರ ಆಗಸ್ಟ್ ತಿಂಗಳಲ್ಲಿ ಹನ್ನೊಂದು ದಿನಗಳ ಅಂತರದಲ್ಲಿ ಹೊರಬಿದ್ದ ಸುಪ್ರೀಂ ಕೋರ್ಟಿನ ಎರಡು ಆದೇಶಗಳು ಆರ್.ಕೆ.ಪುರಂನಂತಹ ಸರ್ಕಾರಿ ವಸತಿ ಬಡಾವಣೆಗಳನ್ನು ಎರಡು ಪಂಗಡಗಳಾಗಿ ಒಡೆದವು. 11ನೆಯ ತಾರೀಕಿನ ಆದೇಶವು ದಿಲ್ಲಿ ಮತ್ತು ಸುತ್ತಲ ನಗರಗಳ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಲ್ಲಿ ಇರಿಸಬೇಕು, ಮರಳಿ ಬೀದಿಗೆ ಬಿಡಕೂಡದು ಎಂದಿತು. 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿ, ಸಂತಾನಹರಣ ಶಸ್ತ್ರಚಿಕಿತ್ಸೆ, ಜಂತುನಿವಾರಣೆ ಮತ್ತು ಲಸಿಕೆ ಮುಗಿದ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕು, ರೇಬೀಸ್ ತಗುಲಿದವು ಮತ್ತು ಆಕ್ರಮಣಶೀಲವಾದವು ಮಾತ್ರ ಇದಕ್ಕೆ ಹೊರತು ಎಂದಿತು. ಅದೇ ವರ್ಷದ ನವೆಂಬರ್ 7ರಂದು ಬಂದ ಮತ್ತೊಂದು ಆದೇಶದ ಪ್ರಕಾರ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಗೆ ಮರಳಿ ಬಿಡುವಂತಿಲ್ಲ.

ನಮ್ಮ ಸೆಕ್ಟರಿನ ಉದ್ಯಾನದಲ್ಲಿ ಬೆಳಗಿನ ವಾಯುವಿಹಾರದ ಹೊತ್ತಿಗೆ ಈ ಮೂರೂ ಆದೇಶಗಳ ಮೇಲೆ ಪ್ರತಿನಿತ್ಯ ವಾದ ನಡೆಯುತ್ತದೆ. ಒಂದು ಪಂಗಡ ಅನ್ನ ಹಾಕುವವರದು. ಇನ್ನೊಂದು ಕೈಯಲ್ಲಿ ಕೋಲು ಹಿಡಿದು ನಡೆಯುವವರದು. ದಿಲ್ಲಿ ಕರ್ನಾಟಕ ಸಂಘದ ಆವರಣದಲ್ಲಿ, ಕಾರ್ಯಕ್ರಮ ಮುಗಿದ ಮೇಲಿನ ಕಾಫಿಯ ಹೊತ್ತಿಗೂ ಇದೇ ಮಾತು ಬರುತ್ತದೆ, ಭಾಷೆ ಮಾತ್ರ ಬೇರೆ. ದಯೆಯ ಬಗ್ಗೆ, ಸುರಕ್ಷತೆಯ ಬಗ್ಗೆ, ನ್ಯಾಯಾಲಯದ ಅಧಿಕಾರದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಶಸ್ತ್ರಚಿಕಿತ್ಸೆಯ ಖರ್ಚು ಯಾರದು, ಅದನ್ನು ಮಾಡಿಸದಿದ್ದರೆ ಆಗುವ ಖರ್ಚು ಯಾರದು ಎಂದು ಕೇಳಿದವರನ್ನು ನಾನು ಈವರೆಗೆ ಕಂಡಿಲ್ಲ. ನನ್ನ ಅಭಿಪ್ರಾಯ ಸರಳವಾದದ್ದು. ನಾಯಿ ಸಾಕಿದವರು ಅದರ ಸಂತಾನಹರಣ ಚಿಕಿತ್ಸೆಯನ್ನು ಲಸಿಕೆಯಷ್ಟೇ ಕಡ್ಡಾಯವೆಂದು ಎಣಿಸಿ ಸ್ವಂತ ಹಣದಿಂದ ಮಾಡಿಸಬೇಕು. ಬೀದಿನಾಯಿಗೆ ದಿನವೂ ಅನ್ನ ಹಾಕುವವರು ಅದರ ಚಿಕಿತ್ಸೆಯ ಖರ್ಚಿನಲ್ಲಿಯೂ ಪಾಲು ಹೊರಬೇಕು. ಸರ್ಕಾರಿ ವಸತಿಗೃಹಗಳಲ್ಲಿ ಇರುವ ನಮ್ಮಂಥವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅದೇಕೆಂಬುದನ್ನು ಮುಂದೆ ಹೇಳುತ್ತೇನೆ.

ದಿಲ್ಲಿಯಲ್ಲಿ ಈ ಚಿಕಿತ್ಸೆಗೆ ಜನರ ಬಾಯಲ್ಲಿರುವ ಹೆಸರು ‘ನಸ್‌ಬಂದಿ’. ಕನ್ನಡದ ‘ಸಂತಾನಹರಣ’ ಪತ್ರಿಕಾಲಯದಲ್ಲಿ ಹುಟ್ಟಿದ ಶುಷ್ಕ ಪದ, ಅದಕ್ಕೆ ಯಾವ ನೆನಪೂ ಅಂಟಿಕೊಂಡಿಲ್ಲ. ‘ನಸ್‌ಬಂದಿ’ ಹಾಗಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಮಾಡಲಾಯಿತು. ಸರ್ಕಾರಿ ನೌಕರರಿಗೆ, ಶಾಲಾ ಶಿಕ್ಷಕರಿಗೆ ಇಷ್ಟು ಮಂದಿಯನ್ನು ಕರೆತರಬೇಕೆಂಬ ಗುರಿ ನಿಗದಿಯಾಗಿತ್ತು. ದಿಲ್ಲಿಯ ಪುನರ್ವಸತಿ ಕಾಲೋನಿಗಳಲ್ಲಿ ನಿವೇಶನ ಉಳಿಸಿಕೊಳ್ಳಲು ಚಿಕಿತ್ಸೆಯ ಪ್ರಮಾಣಪತ್ರ ತೋರಿಸಬೇಕಾದ ಸ್ಥಿತಿ ಇತ್ತು. ಮಾನವಶಾಸ್ತ್ರಜ್ಞೆ ಎಮ್ಮಾ ಟಾರ್ಲೋ ಯಮುನೆಯಾಚೆಯ ವೆಲ್‌ಕಮ್ ಕಾಲೋನಿಯ ಕಡತಗಳನ್ನು ಓದಿ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ನಮ್ಮ ಕಚೇರಿಯಿಂದ ನಿವೃತ್ತರಾದ ಹಿರಿಯರೊಬ್ಬರು ಇಂದಿಗೂ ಆ ಪದವನ್ನು ದನಿ ತಗ್ಗಿಸಿಯೇ ಹೇಳುತ್ತಾರೆ. ನಾಯಿ ಹಿಡಿಯುವ ನಗರ ನಿಗಮದ ವಾಹನ ಬಂದಾಗ ಸುತ್ತಲ ಬಸ್ತಿಯ ಮುದುಕಿಯರು ಮರಿಗಳನ್ನು ಮಂಚದ ಕೆಳಗೆ ಬಚ್ಚಿಡುವುದನ್ನು ನೋಡಿದ್ದೇನೆ. ಅದು ಬರೀ ಮೌಢ್ಯವೆಂದು ನಗಲು ನನಗೆ ಮನಸ್ಸು ಬರುವುದಿಲ್ಲ. (ಆ ಕಾರ್ಯಕ್ರಮದ ಮುಂದಾಳಾಗಿದ್ದ ಸಂಜಯ್ ಗಾಂಧಿಯವರ ಹೆಸರನ್ನೇ ಹೊತ್ತ ಪ್ರಾಣಿ ಆಸ್ಪತ್ರೆಯೊಂದು ರಾಜಾ ಗಾರ್ಡನ್ನಿನಲ್ಲಿದೆ, ಅಲ್ಲಿ ನಾಯಿಗಳ ಸಂತಾನಹರಣವೂ ನಡೆಯುತ್ತದೆ. ಇತಿಹಾಸಕ್ಕೆ ಇಂತಹ ವಿನೋದಗಳು ಇಷ್ಟ.)

ಆದರೆ ಮನುಷ್ಯನ ಮೇಲೆ ನಡೆದ ಆ ಬಲಾತ್ಕಾರದ ನೆನಪನ್ನು ನಾಯಿಯ ಶಸ್ತ್ರಚಿಕಿತ್ಸೆಯ ವಿರುದ್ಧ ವಾದವಾಗಿ ಬಳಸುವುದು ಸರಿಯಲ್ಲ. ಒಪ್ಪಿಗೆಯ ಪ್ರಶ್ನೆ ಮನುಷ್ಯನಿಗೆ ಇರುವಂತೆ ನಾಯಿಗೆ ಇಲ್ಲ. ನಾಯಿಯ ಪರವಾಗಿ ತೀರ್ಮಾನಿಸುವ ಹೊಣೆ ಮನುಷ್ಯನದು. ನಮ್ಮ ಹಳ್ಳಿಗಳಲ್ಲಿ ಹೋರಿಗೆ ಬೀಜ ಒಡೆಸುವುದನ್ನು ಯಾರೂ ಪಾಪವೆಂದು ತಿಳಿದಿರಲಿಲ್ಲ. ಉಳುಮೆಯ ಎತ್ತು ಎಂಬುದೇ ಆ ಕ್ರಿಯೆಯಿಂದ ಹುಟ್ಟಿದ ಜೀವ. ಹಿಂದೆ ಕಲ್ಲು, ಕೋಲುಗಳಿಂದ ಮಾಡುತ್ತಿದ್ದದ್ದನ್ನು ಆಮೇಲೆ ಪಶುವೈದ್ಯರು ಬರ್ಡಿಜೋ ಇಕ್ಕಳದಿಂದ ಮಾಡಿದರು. ಬಸವಣ್ಣನೆಂದು ಪೂಜಿಸುವವರೇ ಅದನ್ನು ನಿಂತು ಮಾಡಿಸಿದರು. ನಮಗೆ ಉಪಯೋಗವಿದ್ದಾಗ ಆ ಕೆಲಸ ವ್ಯವಸಾಯ, ಪ್ರಾಣಿಯ ಉಪಯೋಗಕ್ಕೆ ಮಾಡಬೇಕಾಗಿ ಬಂದಾಗ ಮಹಾಪಾಪ ಎನ್ನುವುದು ವಿಚಿತ್ರ ಧರ್ಮಸೂಕ್ಷ್ಮ.

ಅನ್ನದ ವಿಷಯದಲ್ಲಿ ಈ ಧರ್ಮಸೂಕ್ಷ್ಮ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ದಿಲ್ಲಿಯಲ್ಲಿ ಶನಿವಾರದಂದು ಸಾಸಿವೆ ಎಣ್ಣೆ ಸವರಿದ ರೊಟ್ಟಿಯನ್ನು ಕಪ್ಪುನಾಯಿಗೇ ಹುಡುಕಿ ಹಾಕುತ್ತಾರೆ, ಶನಿಯ ಕಾಟ ಕಳೆಯಲೆಂದು. ನಮ್ಮಲ್ಲಿಯೂ ವೈಶ್ವದೇವದಲ್ಲಿ ಶ್ವಾನಕ್ಕೆ ಬಲಿಯನ್ನ ಇದೆ. ಮೈಲಾರಲಿಂಗನ ವಗ್ಗಯ್ಯರು ದೇವರ ನಾಯಿಗಳಾಗಿ ದೋಣಿಗೆ ಬಾಯಿಟ್ಟು ಉಣ್ಣುತ್ತಾರೆ. ಧರ್ಮರಾಯನ ಸ್ವರ್ಗಾರೋಹಣದ ಕಥೆಯನ್ನಂತೂ ಹೇಳಬೇಕಾಗಿಲ್ಲ. ನಾಯಿಗೆ ಅನ್ನವಿಕ್ಕಿದವನಿಗೆ ಪುಣ್ಯ ಎಂಬುದು ನಮ್ಮ ಎಲುಬಿನಲ್ಲಿ ಇಳಿದ ನಂಬಿಕೆ. ಹಾಗೆ ಅನ್ನ ಉಂಡು ಬೆಳೆದ ನಾಯಿ ಹಾಕುವ ಮರಿಗಳ ಗತಿಯೇನು ಎಂಬುದಕ್ಕೆ ಪುಣ್ಯದ ಲೆಕ್ಕಪತ್ರದಲ್ಲಿ ಕಲಮು ಇಲ್ಲ.

ಈ ಕಲಮನ್ನು ಸೇರಿಸಲು ಹೋದವರಲ್ಲಿ ಗಾಂಧೀಜಿ ಒಬ್ಬರು. 1926ರಲ್ಲಿ ಅಹಮದಾಬಾದಿನ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ತಮ್ಮ ಗಿರಣಿಯ ಆವರಣದಲ್ಲಿದ್ದ 60 ನಾಯಿಗಳನ್ನು ಕೊಲ್ಲಿಸಿದಾಗ ಊರಿಗೆ ಊರೇ ಕೆರಳಿತು. ಗಾಂಧೀಜಿ ‘ಯಂಗ್ ಇಂಡಿಯಾ’ದಲ್ಲಿ ಸರಣಿ ಲೇಖನಗಳನ್ನು ಬರೆದು, ಸಿಟ್ಟಿನ ಪತ್ರಗಳ ಸುರಿಮಳೆಯ ನಡುವೆಯೂ ಆ ಗಿರಣಿ ಮಾಲೀಕರ ಪರ ನಿಂತರು. ಒಡೆಯನಿಲ್ಲದ ನಾಯಿ ಅಲೆಯುವುದು ಸಮಾಜದ ಔದಾಸೀನ್ಯದ ಲಕ್ಷಣ, ಅದಕ್ಕೆ ತುತ್ತು ಎಸೆದು ಕೈ ತೊಳೆದುಕೊಳ್ಳುವುದು ದಯೆಯ ದುರುಪಯೋಗ, ನಿಜವಾದ ದಯೆಯಿದ್ದವನು ಅದನ್ನು ಸಾಕಬೇಕು ಇಲ್ಲವೇ ಸಾಕುವ ಸಂಸ್ಥೆಗೆ ಹಣ ಕೊಡಬೇಕು ಎಂಬುದು ಅವರ ವಾದದ ತಿರುಳು. ಕೊಲ್ಲುವುದನ್ನು ಅವರು ಸಮರ್ಥಿಸಿದ್ದನ್ನು ನಾನು ಒಪ್ಪಲಾರೆ. ಆದರೆ ಅವರ ಕಾಲಕ್ಕೆ ಕೈಗೆಟಕುವ ಮೂರನೆಯ ದಾರಿ ಇರಲಿಲ್ಲ ಎಂಬುದನ್ನೂ ನೆನೆಯಬೇಕು. ಆ ದಾರಿಯನ್ನು ತೋರಿಸಿದವರಲ್ಲಿ ಮೊದಲಿಗರು ಮದರಾಸಿನ ಬ್ಲೂ ಕ್ರಾಸ್ ಸಂಸ್ಥೆಯವರು. ಕೊಲ್ಲುವ ಬದಲು ಸಂತಾನಹರಣ ಮಾಡಿ ಬಿಡಿ ಎಂದು 1960ರ ದಶಕದಿಂದ ಅವರು ನಗರಪಾಲಿಕೆಗೆ ಹೇಳುತ್ತ ಬಂದರು. ಪಾಲಿಕೆ ಒಪ್ಪಿಕೊಂಡದ್ದು 1996ರಲ್ಲಿ. 2001ರಲ್ಲಿ ಅದು ದೇಶದ ನಿಯಮವಾಯಿತು. 2023ರ ಮಾರ್ಚಿನಲ್ಲಿ ಹೊಸ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಅದರ ಸ್ಥಾನಕ್ಕೆ ಬಂದವು.

ಎಂ.ಎ. ತರಗತಿಯಲ್ಲಿ ಇಂಗ್ಲಿಷ್ ಓದಿದವನಾದ್ದರಿಂದ ಇಲ್ಲಿ ಕುಟ್ಸಿಯ ‘ಡಿಸ್‌ಗ್ರೇಸ್’ ಕಾದಂಬರಿ ನೆನಪಾಗುತ್ತದೆ. ಅಲ್ಲಿ ಕೆಲಸ ಕಳೆದುಕೊಂಡ ಪ್ರಾಧ್ಯಾಪಕ, ಯಾರಿಗೂ ಬೇಡವಾದ ನಾಯಿಗಳನ್ನು ಸೂಜಿ ಚುಚ್ಚಿ ಕೊಲ್ಲುವ ಚಿಕಿತ್ಸಾಲಯದಲ್ಲಿ ನೆರವಾಗುತ್ತ, ಅವುಗಳ ಕಳೇಬರಗಳನ್ನು ಮರ್ಯಾದೆಯಿಂದ ದಹನಕ್ಕೆ ಒಯ್ಯುತ್ತಾನೆ. ಬೀದಿಯಲ್ಲಿ ನಾಯಿ ಕಾಣಿಸದ ಅನೇಕ ದೇಶಗಳ ಸ್ವಚ್ಛತೆಯ ಹಿಂದೆ ಇಂತಹ ಒಂದು ಕೋಣೆ ಇದೆ. ಆರೋಗ್ಯವಾಗಿರುವ ನಾಯಿಯನ್ನು ಕೊಲ್ಲಕೂಡದು ಎಂದು ನಮ್ಮ ಕಾನೂನು ನಿರ್ಧರಿಸಿದೆ. ಅದು ದೊಡ್ಡ ನಿರ್ಧಾರ. ಆ ನಿರ್ಧಾರದ ಬೆಲೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ತೆರಬೇಕಾದದ್ದು.

ಈಗ ರೂಪಾಯಿ ಆಣೆಯ ಮಾತು. ನಮ್ಮ ಮನೆಯ ಚುಕ್ಕಿ ಅದೇ ಕಟ್ಟಡದ ಮೆಟ್ಟಿಲ ಕೆಳಗೆ ಹುಟ್ಟಿದ ಹೆಣ್ಣುನಾಯಿ. ಈ ಫೆಬ್ರುವರಿಯಲ್ಲಿ ಅದಕ್ಕೆ ಚಿಕಿತ್ಸೆ ಮಾಡಿಸಿದೆವು. ವಿಚಾರಿಸಿದ ಮೂರು ಖಾಸಗಿ ಚಿಕಿತ್ಸಾಲಯಗಳು ಹೇಳಿದ ದರ 6,500, 9,000 ಮತ್ತು 14,000 ರೂಪಾಯಿ. ಇಷ್ಟು ಅಂತರವೇಕೆಂದು ಕೇಳಿದರೆ ಒಂದು ಕಡೆ ರಕ್ತಪರೀಕ್ಷೆ ಸೇರಿದೆ, ಒಂದು ಕಡೆ ಇಲ್ಲ. ಒಂದು ಕಡೆ ಅನಿಲದ ಅರಿವಳಿಕೆ, ಒಂದು ಕಡೆ ಬರೀ ಚುಚ್ಚುಮದ್ದಿನ ಅರಿವಳಿಕೆ. ಒಂದು ಕಡೆ ರಾತ್ರಿ ಉಳಿಸಿಕೊಳ್ಳುತ್ತಾರೆ, ಒಂದು ಕಡೆ ಸಂಜೆಗೇ ಕಳಿಸುತ್ತಾರೆ. ದರ ಕೇಳುವಾಗ ಈ ಮೂರನ್ನೂ ಕೇಳಿ ಬರೆದುಕೊಳ್ಳಬೇಕು, ಇಲ್ಲದಿದ್ದರೆ ಅಗ್ಗವಾದದ್ದು ಕೊನೆಗೆ ಅಗ್ಗವಾಗಿರುವುದಿಲ್ಲ. ನಾವು ನಡುವಿನದನ್ನು ಆರಿಸಿಕೊಂಡೆವು. ಔಷಧ, ಗಾಯ ನೆಕ್ಕದಂತೆ ಕೊರಳಿಗೆ ಕಟ್ಟುವ ಬುಟ್ಟಿ, ಹೊಲಿಗೆ ಬಿಚ್ಚಿಸುವ ದಿನದ ಆಟೋ ಎಲ್ಲ ಸೇರಿ ಹನ್ನೊಂದು ಸಾವಿರ ಮುಟ್ಟಿತು. ಎರಡು ದಿನ ಸಾಂದರ್ಭಿಕ ರಜೆ. ಸಿಜಿಎಚ್‌ಎಸ್ ಕಾರ್ಡಿನಲ್ಲಿ ಚುಕ್ಕಿಯ ಹೆಸರಿಲ್ಲವಾದ್ದರಿಂದ ಮರುಪಾವತಿಯ ಪ್ರಶ್ನೆ ಬರಲಿಲ್ಲ.

ಹನ್ನೊಂದು ಸಾವಿರ ಸಣ್ಣ ಮೊತ್ತವಲ್ಲ. ಆದರೆ ಅದೇ ಬಡಾವಣೆಯಲ್ಲಿ ಮೂವತ್ತು ನಲವತ್ತು ಸಾವಿರ ಕೊಟ್ಟು ಹಸ್ಕಿ ತಂದವರು, ತಿಂಗಳಿಗೆ ನಾಲ್ಕು ಸಾವಿರದ ಆಹಾರದ ಚೀಲ ತರಿಸುವವರು ‘ಅಷ್ಟು ಖರ್ಚು ಯಾಕೆ’ ಎನ್ನುವಾಗ ಉತ್ತರ ಹಣದಲ್ಲಿ ಇಲ್ಲವೆಂದು ತಿಳಿಯುತ್ತದೆ. ಹಣವೇ ಅಡ್ಡಿಯಾದವರಿಗೆ ಧರ್ಮಾರ್ಥ ಆಸ್ಪತ್ರೆಗಳಿವೆ, ಅಲ್ಲಿ ಸರದಿ ಉದ್ದ, ದರ ಕಡಿಮೆ. ಅಂದಹಾಗೆ 2023ರ ನಿಯಮಗಳು ಸಾಕುನಾಯಿಯ ಲಸಿಕೆ, ಜಂತುನಿವಾರಣೆ ಮತ್ತು ಸಂತಾನಹರಣ ಮೂರೂ ಒಡೆಯನ ಹೊಣೆ ಎಂದು ಸ್ಪಷ್ಟವಾಗಿ ಹೇಳುತ್ತವೆ. ನಿಯಮ ಓದುವುದೇ ವೃತ್ತಿಯಾದ ನಮ್ಮ ಬಡಾವಣೆಯಲ್ಲಿ ಈ ನಿಯಮ ಗೊತ್ತಿರುವವರನ್ನು ಬೆರಳಲ್ಲಿ ಎಣಿಸಬಹುದು.

ಆರೋಗ್ಯದ ವಿಷಯದಲ್ಲಿ ಎರಡೂ ಕಡೆಯ ಮಾತನ್ನು ಹೇಳಲೇಬೇಕು, ಏಕೆಂದರೆ ಉತ್ಸಾಹಿಗಳು ಲಾಭವನ್ನು ಮಾತ್ರ, ವಿರೋಧಿಗಳು ಹಾನಿಯನ್ನು ಮಾತ್ರ ಹೇಳುತ್ತಾರೆ. ಹೆಣ್ಣುನಾಯಿಗೆ ಇರುವ ದೊಡ್ಡ ಅಪಾಯ ಗರ್ಭಕೋಶದಲ್ಲಿ ಕೀವು ತುಂಬುವ ‘ಪಯೋಮೆಟ್ರಾ’. ಚಿಕಿತ್ಸೆ ಮಾಡಿಸದ ಹೆಣ್ಣುಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದಕ್ಕೆ ಹತ್ತು ವರ್ಷದೊಳಗೆ ಅದು ಬರುತ್ತದೆಂದು ಸ್ವೀಡನ್ನಿನ ದೊಡ್ಡ ಅಧ್ಯಯನ ತೋರಿಸಿದೆ. ಬಂದಾಗ ಮಾಡಬೇಕಾದದ್ದು ಇದೇ ಶಸ್ತ್ರಚಿಕಿತ್ಸೆ, ಆದರೆ ಮುದಿ ವಯಸ್ಸಿನಲ್ಲಿ, ಜ್ವರದಲ್ಲಿ, ಎರಡು ಮೂರು ಪಟ್ಟು ಖರ್ಚಿನಲ್ಲಿ. ಬೀದಿಯ ನಾಯಿಗಳಲ್ಲಿ ಕೂಡುವಿಕೆಯಿಂದಲೇ ಒಂದರಿಂದ ಇನ್ನೊಂದಕ್ಕೆ ಹರಡುವ ಕ್ಯಾನ್ಸರ್ ಗಡ್ಡೆಯೊಂದಿದೆ. ಸಾವಿರಾರು ವರ್ಷಗಳ ಹಿಂದೆ ಒಂದು ನಾಯಿಯ ಮೈಯಲ್ಲಿ ಹುಟ್ಟಿದ ಜೀವಕೋಶಗಳೇ ಇಂದಿಗೂ ನಾಯಿಯಿಂದ ನಾಯಿಗೆ ಪ್ರಯಾಣ ಮಾಡುತ್ತಿವೆ ಎಂದರೆ ನಂಬುವುದು ಕಷ್ಟ, ಆದರೆ ನಿಜ. ಕೆಚ್ಚಲಿನ ಗಡ್ಡೆಗಳು ಮೊದಲ ಬೆದೆಗೆ ಮುನ್ನ ಚಿಕಿತ್ಸೆಯಾದ ನಾಯಿಗಳಲ್ಲಿ ಬಹಳ ಅಪರೂಪ ಎಂಬ 1969ರ ಒಂದು ಅಧ್ಯಯನವನ್ನು ವೈದ್ಯರು ಇಂದಿಗೂ ಉಲ್ಲೇಖಿಸುತ್ತಾರೆ. ಈ ವಿಷಯದ ಸಾಕ್ಷ್ಯ ಅಷ್ಟೊಂದು ಗಟ್ಟಿಯಲ್ಲ ಎಂದು ಇತ್ತೀಚಿನ ಪರಾಮರ್ಶೆಗಳು ಹೇಳಿವೆ.

ಇನ್ನು ಹಾನಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ಹಾರ್ಟ್ ದಂಪತಿ ಮತ್ತು ಸಂಗಡಿಗರು 2013ರಲ್ಲಿ ಗೋಲ್ಡನ್ ರಿಟ್ರೀವರ್ ಬಗ್ಗೆ, 2020ರಲ್ಲಿ 35 ತಳಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನಗಳು, ದೊಡ್ಡ ಮೈಕಟ್ಟಿನ ಕೆಲವು ತಳಿಗಳಿಗೆ ವರ್ಷ ತುಂಬುವ ಮೊದಲು ಚಿಕಿತ್ಸೆ ಮಾಡಿದರೆ ಕೀಲುಗಳ ತೊಂದರೆ ಹೆಚ್ಚುತ್ತದೆಂದು ತೋರಿಸಿವೆ. ಚಿಕ್ಕ ತಳಿಗಳಲ್ಲಿ ಹಾಗೆ ಕಂಡಿಲ್ಲ. ಕೆಲವು ಹೆಣ್ಣುಗಳಿಗೆ ಮುಂದೆ ಮೂತ್ರ ಸೋರುವ ತೊಂದರೆ ಬರುತ್ತದೆ. ಚಿಕಿತ್ಸೆಯಾದ ನಾಯಿಗೆ ಮೊದಲಿನಷ್ಟು ಆಹಾರ ಬೇಕಾಗುವುದಿಲ್ಲ. ಬಟ್ಟಲು ಕಡಿಮೆ ಮಾಡದೆ ‘ಆಪರೇಷನ್ನಿನಿಂದ ದಪ್ಪವಾಯಿತು’ ಎನ್ನುವವರು ನಮ್ಮ ಸೆಕ್ಟರಿನಲ್ಲೇ ನಾಲ್ವರಿದ್ದಾರೆ. ಆದ್ದರಿಂದ ಯಾವಾಗ ಎಂಬುದು ತಳಿ, ಲಿಂಗ, ಮೈತೂಕ ನೋಡಿ ವೈದ್ಯರೊಡನೆ ಕುಳಿತು ತೀರ್ಮಾನಿಸಬೇಕಾದ ಪ್ರಶ್ನೆ. ಲ್ಯಾಬ್ರಡಾರ್ ಸಾಕಿದವರು ಒಂದು ವರ್ಷ ಕಾಯುತ್ತೇವೆ ಎಂದರೆ ಅದು ವಿವೇಕ. ಹತ್ತು ವರ್ಷವೂ ಕಾಯುತ್ತಲೇ ಇರುವವರಿಗೆ ಡೇವಿಸ್‌ನ ಅಧ್ಯಯನ ನೆಪ ಮಾತ್ರ.

ನೆಪಗಳಲ್ಲಿ ಅತ್ಯಂತ ಮಧುರವಾದದ್ದು, ‘ಒಂದು ಸಲವಾದರೂ ತಾಯಿಯಾಗಲಿ’ ಎಂಬುದು. ಹೆಂಗಸರು ಇದನ್ನು ಕಣ್ಣು ತುಂಬಿಕೊಂಡು ಹೇಳುತ್ತಾರೆ, ಗಂಡಸರು ತತ್ತ್ವವಾಗಿ ಹೇಳುತ್ತಾರೆ. ಕೋಲ್ಕತ್ತದ ಐಸರ್ ಸಂಸ್ಥೆಯ ಸಂಶೋಧಕರು ಬಂಗಾಳದ ಬೀದಿಗಳಲ್ಲಿ ಹುಟ್ಟಿದ ಮರಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, ತಾವು ಮರಿ ಹಾಕುವ ವಯಸ್ಸಿನವರೆಗೆ ಬದುಕಿದವು ನೂರಕ್ಕೆ ಸುಮಾರು 19 ಮಾತ್ರ. ಸತ್ತವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮನುಷ್ಯರಿಂದ, ಅಂದರೆ ವಾಹನ, ಹೊಡೆತ, ವಿಷ, ಹೊತ್ತೊಯ್ದು ಬಿಡುವುದು ಇವುಗಳಿಂದ ಸತ್ತವು. ಉತ್ತರ ಭಾರತದಲ್ಲಿ ‘ಕಾರ್ತಿಕದ ನಾಯಿ’ ಎಂಬ ಬೈಗುಳವಿದೆ. ಮಳೆಗಾಲ ಕಳೆದ ಮೇಲೆ ಬೆದೆಗೆ ಬಂದ ಬೀದಿನಾಯಿ ಒಂಬತ್ತು ವಾರಗಳಲ್ಲಿ, ಸರಿಯಾಗಿ ದಿಲ್ಲಿಯ ಕೊರೆಯುವ ಚಳಿಗೆ, ಐದಾರು ಮರಿ ಹಾಕುತ್ತದೆ. ಜನವರಿಯ ಮಂಜಿನ ಬೆಳಗಿನಲ್ಲಿ ನಿಲ್ಲಿಸಿದ ಕಾರಿನ ಕೆಳಗೆ ಬೆಚ್ಚಗೆ ಮಲಗಿದ ಮರಿಗಳ ಮೇಲೆ ಚಕ್ರ ಹೊರಳಿದ ಸದ್ದು ಕೇಳಿದ ಯಾರೂ ತಾಯ್ತನದ ವಾದವನ್ನು ಎರಡನೆಯ ಸಲ ಮಂಡಿಸಲಾರರು.

ಗಂಡುನಾಯಿಯ ಕಥೆಯೇ ಬೇರೆ. ಅದರ ಚಿಕಿತ್ಸೆ ಹೆಣ್ಣಿನದಕ್ಕಿಂತ ಸುಲಭ, ಅಗ್ಗ. ಹೊಟ್ಟೆ ತೆರೆಯಬೇಕಾಗಿಲ್ಲ, ನಾಲ್ಕು ದಿನಕ್ಕೆ ಓಡಾಡುತ್ತದೆ. ಆದರೂ ಮಾಡಿಸುವವರು ಕಡಿಮೆ. ಬಂಗಾರದಂತಹ ಸಹೋದ್ಯೋಗಿಯೊಬ್ಬರು, ಲಿಂಗ ಸಮಾನತೆಯ ಬಗ್ಗೆ ಸಚಿವಾಲಯದ ಟಿಪ್ಪಣಿಗಳನ್ನು ಸೊಗಸಾಗಿ ಬರೆಯುವವರು, ತಮ್ಮ ಗಂಡುನಾಯಿಯ ಮಾತು ಬಂದ ಕೂಡಲೇ ತೊಡೆ ಹತ್ತಿರ ತಂದುಕೊಂಡು ಕುಳಿತುಬಿಟ್ಟರು. ಇದನ್ನು ಕುರಿತು ಹೆಚ್ಚು ಬರೆಯುವ ಅಗತ್ಯವಿಲ್ಲ.

ಸರ್ಕಾರಿ ವಸತಿಗೃಹದವರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ ಎಂದೆನಲ್ಲ, ಅದಕ್ಕೆ ಕಾರಣ ವರ್ಗಾವಣೆ ಮತ್ತು ನಿವೃತ್ತಿ. ಇಲ್ಲಿ ಯಾರೂ ಶಾಶ್ವತರಲ್ಲ. ಮನೆ ತೆರವು ಮಾಡಲು ಕೆಲವೇ ತಿಂಗಳ ಗಡುವು ಸಿಗುತ್ತದೆ. ದಿಲ್ಲಿಯಿಂದ ಬೆಂಗಳೂರಿಗೆ ನಾಯಿಯನ್ನು ರೈಲಿನಲ್ಲಿ ಒಯ್ಯಬೇಕಾದರೆ ಹವಾನಿಯಂತ್ರಿತ ಪ್ರಥಮ ದರ್ಜೆಯಲ್ಲಿ ಇಡೀ ಕೂಪೆಯನ್ನೇ ಪಡೆಯಬೇಕು, ಇಲ್ಲವಾದರೆ ಬ್ರೇಕ್‌ವ್ಯಾನಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ಸಿನ ಎರಡು ರಾತ್ರಿಗಳನ್ನು ಅದು ಕಳೆಯಬೇಕು. ಹೊಸ ಊರಿನ ಬಾಡಿಗೆ ಮನೆಯವರು ನಾಯಿ ಬೇಡವೆನ್ನುತ್ತಾರೆ. ಕೊನೆಗೆ ಸಾಮಾನಿನ ಲಾರಿ ಹೊರಡುತ್ತದೆ, ನಾಯಿ ಗೇಟಿನ ಬಳಿ ಉಳಿಯುತ್ತದೆ. ‘ಕಾವಲುಗಾರ ನೋಡಿಕೊಳ್ಳುತ್ತಾನೆ’ ಎಂಬುದು ವಿದಾಯದ ವಾಕ್ಯ. ಪ್ರತಿ ಬೇಸಿಗೆಯಲ್ಲಿ, ವರ್ಗಾವಣೆಯ ಋತುವಿನ ನಂತರ, ಕೊರಳಪಟ್ಟಿಯ ಗುರುತು ಮಾಸದ ಒಂದೆರಡು ನಾಯಿಗಳು ನಮ್ಮ ಉದ್ಯಾನದಲ್ಲಿ ಹೊಸದಾಗಿ ಕಾಣಿಸುತ್ತವೆ. ಬೀದಿಯ ಹೆಣ್ಣುಗಳೊಡನೆ ಕೂಡಿ ಅವು ಹುಟ್ಟಿಸಿದ ಕಿವಿ ಜೋತ, ರೋಮ ತುಂಬಿದ ಮರಿಗಳು 45 ಡಿಗ್ರಿಯ ಜೂನ್ ತಿಂಗಳಲ್ಲಿ ಚರಂಡಿಯ ತೇವದಲ್ಲಿ ಮಲಗಿರುತ್ತವೆ. ನಾಯಿಯನ್ನು ಬಿಟ್ಟು ಹೋಗುವುದು ತಪ್ಪು. ಸಂತಾನಶಕ್ತಿಯ ಸಮೇತ ಬಿಟ್ಟು ಹೋಗುವುದು ತಪ್ಪನ್ನು ಬಡ್ಡಿ ಸಹಿತ ಊರಿಗೆ ವರ್ಗಾಯಿಸುವುದು.

ಆ ಬಡ್ಡಿಯನ್ನು ತೆರುವವರು ನಾವಲ್ಲ. 2023ರ ಮಾರ್ಚಿನಲ್ಲಿ, ನಮ್ಮಿಂದ ಕೆಲವೇ ಕಿಲೋಮೀಟರ್ ದೂರದ ವಸಂತ ಕುಂಜ್‌ನ ಜೋಪಡಿಗಳಲ್ಲಿ, ಏಳು ಮತ್ತು ಐದು ವರ್ಷದ ಅಣ್ಣ ತಮ್ಮಂದಿರಿಬ್ಬರು ಎರಡೇ ದಿನಗಳ ಅಂತರದಲ್ಲಿ ಬೀದಿನಾಯಿಗಳ ದಾಳಿಗೆ ಬಲಿಯಾದರು. ಸಫ್ದರ್‌ಜಂಗ್ ಆಸ್ಪತ್ರೆಯ ರೇಬೀಸ್ ಲಸಿಕೆಯ ಸರದಿಯಲ್ಲಿ ನಿಂತವರನ್ನು ನೋಡಿದರೆ ಮನೆಗೆಲಸದವರು, ಕಸ ಆಯುವವರು, ಮೋಟಾರ್‌ಸೈಕಲ್ಲಿನಲ್ಲಿ ಊಟ ತಲುಪಿಸುವ ಹುಡುಗರು, ರಾತ್ರಿ ಪಾಳಿಯ ಕಾವಲುಗಾರರು ಕಾಣುತ್ತಾರೆ. ಗೇಟಿನೊಳಗೆ ಕಾರಿಳಿಯುವವರು ಕಡಿಮೆ. 2024ರಲ್ಲಿ ದೇಶದಲ್ಲಿ ವರದಿಯಾದ ನಾಯಿಕಡಿತಗಳು 37 ಲಕ್ಷಕ್ಕೂ ಹೆಚ್ಚು. ನಾಯಿಪ್ರೇಮಿಗಳ ಗೋಷ್ಠಿಗಳಲ್ಲಿ ಈ ಸರದಿಯ ಬಗ್ಗೆ ಮಾತು ಬರುವುದು ಅಪರೂಪ. ಹಾಗೆಯೇ ಎಲ್ಲವನ್ನೂ ಹಿಡಿದು ದೂರ ಒಯ್ಯಿರಿ ಎನ್ನುವವರಿಗೆ, ಖಾಲಿಯಾದ ಬೀದಿಗೆ ಪಕ್ಕದ ಬೀದಿಯ ಲಸಿಕೆಯಿಲ್ಲದ ನಾಯಿಗಳು ಬಂದು ಸೇರುತ್ತವೆ ಎಂಬುದು ತಿಳಿದಿಲ್ಲ.

ಸಂತಾನಹರಣದಿಂದ ಫಲವಿದೆಯೇ ಎಂಬ ಸಂದೇಹ ನ್ಯಾಯವಾದದ್ದೇ. ಜೈಪುರದಲ್ಲಿ ‘ಹೆಲ್ಪ್ ಇನ್ ಸಫರಿಂಗ್’ ಸಂಸ್ಥೆ 1994ರ ಕೊನೆಯಿಂದ ಎಂಟು ವರ್ಷ ಬಿಡದೆ ಮಾಡಿತು. ಆ ಪ್ರದೇಶದ ಹೆಣ್ಣುನಾಯಿಗಳಲ್ಲಿ ನೂರಕ್ಕೆ 65ರಷ್ಟಕ್ಕೆ ಚಿಕಿತ್ಸೆಯಾದಾಗ ನಾಯಿಗಳ ಸಂಖ್ಯೆ ಶೇ. 28ರಷ್ಟು ಇಳಿದಿತ್ತು, ಮನುಷ್ಯರಲ್ಲಿ ರೇಬೀಸ್ ಸೊನ್ನೆಗೆ ಬಂದಿತ್ತು. ನಮ್ಮ ಬೆಂಗಳೂರಿನ ಉದಾಹರಣೆಯೂ ಇದೆ. 2007ರಲ್ಲಿ ಇಬ್ಬರು ಮಕ್ಕಳು ನಾಯಿಗಳಿಗೆ ಬಲಿಯಾದಾಗ ಆ ನಗರ ಬೀದಿಬೀದಿಗಳಲ್ಲಿ ನಾಯಿಗಳನ್ನು ಕೊಂದ ನೆನಪು ನಮ್ಮಲ್ಲಿ ಹಲವರಿಗೆ ಇನ್ನೂ ಇರಬೇಕು. ಅದೇ ನಗರದಲ್ಲಿ 2019ರ ಸಮೀಕ್ಷೆಯಲ್ಲಿ 3.10 ಲಕ್ಷದಷ್ಟಿದ್ದ ಬೀದಿನಾಯಿಗಳು 2023ರಲ್ಲಿ 2.79 ಲಕ್ಷಕ್ಕೆ ಇಳಿದವು. ಚಿಕಿತ್ಸೆಯಾದವುಗಳ ಪ್ರಮಾಣ ಶೇ. 51ರಿಂದ ಶೇ. 72ರ ಹತ್ತಿರಕ್ಕೆ ಏರಿತ್ತು. ಇಳಿಕೆ ಹತ್ತರಲ್ಲಿ ಒಂದು ಪಾಲು ಮಾತ್ರ, ಪವಾಡವೇನಲ್ಲ. ದಿಲ್ಲಿಯ ಅಂಕಿಗಳನ್ನು ನೋಡಿದರೆ ಬೆಂಗಳೂರಿನದು ಪವಾಡದಂತೆಯೇ ಕಾಣುತ್ತದೆ. 2016ರಲ್ಲಿ ದಕ್ಷಿಣ ದಿಲ್ಲಿ ನಗರ ನಿಗಮ ತನ್ನ ವ್ಯಾಪ್ತಿಯಲ್ಲಷ್ಟೇ ಎಣಿಸಿದಾಗ ಸಿಕ್ಕಿದ್ದು ಸುಮಾರು 1.89 ಲಕ್ಷ ನಾಯಿ. 2019ರ ಜಾನುವಾರು ಗಣತಿಯಲ್ಲಿ ಇಡೀ ದಿಲ್ಲಿಯ ಬೀದಿನಾಯಿಗಳು ಸುಮಾರು 55 ಸಾವಿರ. ಎಣಿಕೆಯೇ ಹೀಗಿರುವಾಗ ಗುರಿ ತಲುಪಿದ್ದೇವೆ ಎಂಬ ವರದಿಗೆ ಅರ್ಥವೇನು?

ಇಲ್ಲಿ ನನ್ನ ವೃತ್ತಿಯ ಅನುಭವದಿಂದ ಒಂದು ಮಾತು. ತಲೆಗೆ ಇಷ್ಟು ಎಂದು ಹಣ ಕೊಡುವ ಯಾವ ಯೋಜನೆಯೂ ಸುಲಭವಾಗಿ ಸಿಗುವ ತಲೆಗಳನ್ನೇ ಹುಡುಕುತ್ತದೆ. ಕೇಂದ್ರದ ಪರಿಷ್ಕೃತ ಯೋಜನೆಯಲ್ಲಿ ಒಂದು ನಾಯಿಗೆ 800 ರೂಪಾಯಿ ನೆರವು. ಹಿಡಿಯುವುದು, ಸಾಗಿಸುವುದು, ಶಸ್ತ್ರಚಿಕಿತ್ಸೆ, ನಂತರದ ದಿನಗಳ ಆರೈಕೆ, ಮರಳಿ ಬಿಡುವುದು ಇಷ್ಟಕ್ಕೂ ಖಾಸಗಿಯಾಗಿ ತಗಲುವ ವೆಚ್ಚ ಮೇಲೆ ಹೇಳಿದ್ದೇನೆ. ಸುಳ್ಳು ಲೆಕ್ಕ ತಡೆಯಲು, ತೆಗೆದ ಅಂಗಗಳನ್ನು ಶೇಖರಿಸಿ ಸಮಿತಿಯ ಮುಂದೆ ಎಣಿಸುವ ಪದ್ಧತಿ ಇದೆ. ಕಡತಕ್ಕೆ ಅದು ಬೇಕು, ಒಪ್ಪುತ್ತೇನೆ. ಆದರೆ ಒಟ್ಟು ಎಷ್ಟು ಮಾಡಿದರು ಎಂಬುದಕ್ಕಿಂತ ಒಂದು ಬೀದಿಯಲ್ಲಿ ಉಳಿದದ್ದೆಷ್ಟು ಎಂಬುದು ಮುಖ್ಯ. ಹತ್ತು ಬಡಾವಣೆಗಳಲ್ಲಿ ಹತ್ತತ್ತು ಮಾಡಿದರೆ ವರ್ಷದಲ್ಲಿ ಎಲ್ಲ ಮೊದಲಿನಂತಾಗುತ್ತದೆ. ಒಂದೇ ಬಡಾವಣೆಯಲ್ಲಿ ನೂರು ಮಾಡಿದರೆ ಅಲ್ಲಿ ಮರಿ ಹುಟ್ಟುವುದು ನಿಲ್ಲುತ್ತದೆ. ಉಳಿದದ್ದು ಎಷ್ಟೆಂದು ಬಲ್ಲವರು ನಿಗಮದ ಸಿಬ್ಬಂದಿಯಲ್ಲ, ದಿನವೂ ಅನ್ನ ಹಾಕುವವರು. ಯಾವ ಹೆಣ್ಣು ಯಾವ ಮೆಟ್ಟಿಲ ಕೆಳಗೆ ಮಲಗುತ್ತದೆ, ಯಾವುದರ ಕಿವಿಯ ತುದಿಯಲ್ಲಿ ಚಿಕಿತ್ಸೆಯ ಗುರುತಾದ ಕಚ್ಚು ಇದೆ, ಯಾವುದರಲ್ಲಿ ಇಲ್ಲ ಎಂಬುದು ಅವರಿಗೆ ಬಾಯಿಪಾಠ. ಅವರ ಕೈಗೆ ಬರುವ ನಾಯಿ ಬಲೆಗೆ ಸಿಗದ ನಾಯಿ. ಆದ್ದರಿಂದಲೇ ಅನ್ನ ಹಾಕುವವರ ಮೇಲೆ ನಾನು ಹೆಚ್ಚಿನ ಹೊಣೆ ಹೊರಿಸುತ್ತಿರುವುದು. ಕೋಲು ಹಿಡಿದವರಿಂದ ಈ ಕೆಲಸ ಆಗದು.

ಕಡ್ಡಾಯದ ಬಗ್ಗೆಯೂ ಒಂದು ಮಾತು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಅಪಾಯಕಾರಿ ಎಂದು ಕರೆದು ನಿಷೇಧಿಸಲು, ಈಗಾಗಲೇ ಇರುವವುಗಳಿಗೆ ಸಂತಾನಹರಣ ಮಾಡಿಸಲು ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟು ಮರುತಿಂಗಳೇ ಅದನ್ನು ರದ್ದುಪಡಿಸಿತು. ಸರಿಯಾಗಿಯೇ ಮಾಡಿತು. ಸುತ್ತೋಲೆಯಿಂದ ನಾಯಿಗಳ ಸಂಖ್ಯೆ ಇಳಿಯುವುದಾಗಿದ್ದರೆ ಆರ್.ಕೆ.ಪುರಂನಲ್ಲಿ ಒಂದು ನಾಯಿಯೂ ಇರುತ್ತಿರಲಿಲ್ಲ.

ನಮ್ಮ ಮೂರು ಕಟ್ಟಡಗಳ ಮನೆಗಳು ಸೆಪ್ಟೆಂಬರಿನಿಂದ ತಿಂಗಳಿಗೆ ಇನ್ನೂರು ರೂಪಾಯಿ ಕೂಡಿಸುತ್ತಿವೆ; ಎಲ್ಲವೂ ಅಲ್ಲ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಈ ಸಾಲಿನಲ್ಲಿ ಮಲಗುವ ನಾಲ್ಕು ಹೆಣ್ಣುಗಳಲ್ಲಿ ಮೂರರ ಕಿವಿಗೆ ಕಚ್ಚು ಬಿದ್ದಾಗಿದೆ. ನಾಲ್ಕನೆಯದು, ಮಲೈ ಮಂದಿರದ ಕಡೆಯ ತಿರುವಿನಲ್ಲಿರುವ ಕಂದು ಬಣ್ಣದ್ದು, ಎರಡು ಸಲ ಬಲೆ ತಪ್ಪಿಸಿಕೊಂಡಿತು. ಈಗ ಹೊಟ್ಟೆ ಇಳಿಬಿದ್ದಿದೆ. ಕ್ರಿಸ್‌ಮಸ್ ಹೊತ್ತಿಗೆ ಮರಿ ಹಾಕಬಹುದೆಂದು ವೈದ್ಯರ ಅಂದಾಜು. ಮರಿಗಳು ಮೊಲೆ ಬಿಟ್ಟ ಮೇಲೆ ತಾಯಿಯನ್ನು ಕರೆದೊಯ್ಯುವುದೆಂದು ನಿಶ್ಚಯಿಸಿದ್ದೇವೆ. ಹಳೆಯ ಕಂಬಳಿ, ಗೋಣಿಚೀಲ ಇರುವ ದಿಲ್ಲಿಯ ಕನ್ನಡ ಮಿತ್ರರು ಸಂಘದ ಮುಂದಿನ ಕಾರ್ಯಕ್ರಮಕ್ಕೆ ಬರುವಾಗ ತಂದುಕೊಟ್ಟರೆ ಉಪಕಾರವಾಗುತ್ತದೆ. ಮರಿ ಬೇಕೆನ್ನುವವರು ಈಗಲೇ ಹೇಳಿ. ಆದರೆ ಚಿಕಿತ್ಸೆಯ ಖರ್ಚಿನ ಅರ್ಧವನ್ನು ಮುಂಗಡವಾಗಿ ಕೊಡಬೇಕು.